ಕೆಳ ಡಿವಿಷನ್‌ಗೆ ಬಂದ ರಿಜಿಸ್ಟರ್ ಕಾಗದ

"ಅಕ್ಕಾ, ಮಗಳ ಇಂಟರ್ವ್ಯೂ ಏನಾಯ್ತು?"

ಪೋಸ್ಟ್‌ಮ್ಯಾನ್ ತಿಲಕಸಿರಿ ಸೈಕಲ್ಲನ್ನು ಮೋರಿಯ ಕಟ್ಟೆಗೆ ಒರಗಿಸುತ್ತಾ ಕೇಳಿದರು. ನಾನು ಹನ್ನೊಂದು ಗಂಟೆಯ ಎಲೆ ತೂಕ ಮುಗಿಸಿ, ಖಾಲಿ ಬುಟ್ಟಿಯ ಹಗ್ಗವನ್ನು ಮತ್ತೆ ನೆತ್ತಿಗೆ ಏರಿಸಿಕೊಳ್ಳುತ್ತಿದ್ದೆ. ಅವರು ಸಿಂಹಳೀಯರು, ನಮ್ಮ ತಮಿಳನ್ನು ಮುರಿದು ಮುರಿದು ಆಡುತ್ತಾರೆ. ಆದರೆ ಈ ಒಂದು ಮಾತು ಮಾತ್ರ ತಪ್ಪಾಗಿ ಕೇಳಿಸಿತೆಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಲೂ ಆಗದಷ್ಟು ಸ್ಪಷ್ಟವಾಗಿತ್ತು.

"ಯಾವ ಇಂಟರ್ವ್ಯೂ ಮಹತ್ತಯಾ? ಕಾಗದ ಬರ್ಲಿ ಅಂತ ಇನ್ನೂ ಕಾಯ್ತಾ ಇದೀವಿ." ಸಿಂಹಳೀಯ ಗಂಡಸರನ್ನು ನಾವು ಗೌರವಕ್ಕೆ ಮಹತ್ತಯಾ ಎನ್ನುತ್ತೇವೆ.

ಟೋಪಿ ತೆಗೆಯಲು ಹೋದ ಅವರ ಕೈ ಅಲ್ಲೇ ನಿಂತಿತು. "ಬಂತಲ್ಲ. ಕ್ಯಾಂಡಿಯ ಶಿಕ್ಷಣ ಆಫೀಸಿಂದು, ರಿಜಿಸ್ಟರ್. ಹೋದ ತಿಂಗಳು ಒಂಬತ್ತಕ್ಕೆ ನಾನೇ ಕೊಟ್ಟೆ. ದೊಡ್ಡ ಗುಮಾಸ್ತರು ಸೈನ್ ಮಾಡಿ ಇಸ್ಕೊಂಡ್ರು."

ಅವತ್ತು ಈ ತಿಂಗಳ ಮೂರು.

ನಮ್ಮ ಕಿಲ್ಬ್ರಾನ್ ಟೀ ತೋಟದ ಕೆಳ ಡಿವಿಷನ್ನಿನಲ್ಲಿ ಕೂಲಿಯವರ ಸಾಲುಮನೆಗಳ ಏಳು ಲೈನು, ಎಂಬತ್ನಾಲ್ಕು ಮನೆ. ಎಲ್ಲರಿಗೂ ವಿಳಾಸ ಒಂದೇ. ಕಾಗದ ಬಂದರೆ ತೋಟದ ಆಫೀಸಿಗೆ ಕೊಡಬೇಕು, ಲೈನಿಗೆ ತರುವ ಹಾಗಿಲ್ಲ, ಅದು ನಿಯಮ. ದೊಡ್ಡ ಗುಮಾಸ್ತ ಅರುಳಾನಂದಂ ಅದನ್ನು ವಿಂಗಡಿಸಬೇಕು, ಬೆಳಿಗ್ಗೆ ಹಾಜರಿಯಲ್ಲಿ ನಮ್ಮ ಮೇಲ್ವಿಚಾರಕ ಕಂಗಾಣಿ ಹೆಸರು ಕೂಗಬೇಕು, ಆಮೇಲೆ ನಾವು ಕೈ ಚಾಚಬೇಕು. ಕೂಗದಿದ್ದರೆ ಬಂದಿಲ್ಲವೆಂದು ಅರ್ಥ. ನನ್ನ ಅಜ್ಜಿಯ ಕಾಲದಿಂದ ಹೀಗೇ.

ತವಮಣಿ ಎರಡು ಸಲ ಹೇಳಿದ್ದಳು. "ಅಮ್ಮಾ, ನಾನೇ ಹೋಗಿ ಕೇಳ್ಕೊಂಡು ಬರ್ತೀನಿ" ಎಂದು. ನಾನೇ ತಡೆದೆ. "ಬೇಡ ಕಣೆ. ನಾವಾಗಿ ಹೋಗಿ ಕೇಳಿದ್ರೆ, ನನ್ನ ಮೇಲೆ ನಂಬಿಕೆ ಇಲ್ವಾ ಅಂತಾರೆ. ಬಂದ್ರೆ ಅಯ್ಯನೋರು ಕರೀತಾರೆ" ಎಂದೆ. ಈ ಮಾತನ್ನು ಹೇಳಿದ್ದು ಈ ಬಾಯೇ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತಿಲಕಸಿರಿ ನನ್ನ ಮುಖ ನೋಡಲಾರದೆ ಸೈಕಲ್ಲಿನ ಗಂಟೆಯನ್ನು ನೋಡುತ್ತಿದ್ದರು. ಅವರಿಗೂ ನನ್ನ ಮಗಳಿಗೂ ಮೂರು ವರ್ಷದಿಂದ ಒಂದು ಲೆಕ್ಕವಿಲ್ಲದ ಕೊಡುಕೊಳ್ಳುವಿಕೆ. ತಮಿಳಿನಲ್ಲಿ ಬರೆದ ವಿಳಾಸ ಓದಲು ಬರುವುದಿಲ್ಲವೆಂದು ಅವರು ಒದ್ದಾಡುತ್ತಿದ್ದಾಗ, ಶಾಲೆಯಿಂದ ಬರುತ್ತಿದ್ದ ತವಮಣಿ ಇದೇ ಕಟ್ಟೆಯ ಮೇಲೆ ಕೂತು ಅಕ್ಷರ ಹೇಳಿಕೊಟ್ಟಳು. ಬದಲಿಗೆ ಅವರು ಸಿಂಹಳ ಕಲಿಸಿದರು. ಅವಳಿಗೆ ಆಗ ಹದಿನಾರು, ಅವರಿಗೆ ಐವತ್ತು. ಅಂದಿನಿಂದ ಅವರು ಅವಳನ್ನು "ಟೀಚರ್" ಎಂದೇ ಕರೆಯುತ್ತಾರೆ. ಮೊದಮೊದಲು ತಮಾಷೆಗೆ ಕರೆಯುತ್ತಾರೆಂದುಕೊಂಡಿದ್ದೆ. ಒಂದು ಸಲವೂ ನಗುತ್ತಾ ಕರೆದದ್ದನ್ನು ಕಾಣಲಿಲ್ಲ.

"ಕವರ್ ಒಳಗೆ ತಾರೀಕು ಇರುತ್ತೆ ಅಕ್ಕಾ. ಈಗ್ಲೇ ಹೋಗಿ" ಎಂದರು.

ಪಕ್ಕದ ಸಾಲಿನಲ್ಲಿದ್ದ ಕುಪ್ಪಾಯಿ ಎಲ್ಲ ಕೇಳಿಸಿಕೊಂಡಿದ್ದಳು. "ಹೋಗು ರಾಮಾಯಿ. ಈಗ ಹೋದ್ರೆ ಕಂಗಾಣಿ ಅರ್ಧ ಹೆಸರು ಹಾಕ್ತಾನೆ, ಹಾಕ್ಲಿ. ಮಗಳದು ಪೂರ್ತಿನೇ ಹೋಗಿದೆ" ಎಂದಳು. ತೂಕ ಕಡಿಮೆಯಾದರೆ, ಹೊತ್ತಿಗೆ ಮುಂಚೆ ಹೊರಟರೆ, ಪುಸ್ತಕದಲ್ಲಿ ಅರ್ಧ ಹೆಸರು, ಅಂದರೆ ಅರ್ಧ ದಿನದ ಕೂಲಿ. ನಾನು ಬುಟ್ಟಿಯನ್ನು ಅವಳ ಕಾಲ ಬಳಿ ಇಟ್ಟು ಹೊರಟೆ.

ಆಫೀಸಿಗೆ ಮೂರು ಮೆಟ್ಟಿಲು. ನಾವು ಮೆಟ್ಟಿಲ ಕೆಳಗೆ ನಿಲ್ಲಬೇಕು. ನಿಲ್ಲುವ ಮುಂಚೆ ತಲೆಬಟ್ಟೆ ಬಿಚ್ಚಬೇಕು, ಸೊಂಟಕ್ಕೆ ಸುತ್ತಿದ ಗೋಣಿ ಇಳಿಸಬೇಕು, ಎತ್ತಿಕಟ್ಟಿದ ಸೀರೆ ಬಿಡಬೇಕು. ಇದನ್ನು ಯಾರೂ ಕಾಗದದಲ್ಲಿ ಬರೆದು ಅಂಟಿಸಿಲ್ಲ. ಅಷ್ಟು ದೂರ ಹಲ್ಲು ಕಚ್ಚಿಕೊಂಡು ಬಂದವಳ ಕೈ, ಮೆಟ್ಟಿಲು ಕಂಡ ಕೂಡಲೇ ತಾನೇ ಹೋಗಿ ತಲೆಬಟ್ಟೆ ಬಿಚ್ಚಿತು. ಆ ಕೈಯನ್ನು ಕಡಿದು ಹಾಕಬೇಕೆನಿಸಿತು.

"ಅಯ್ಯಾ."

ಅರುಳಾನಂದಂ ಕಿಟಕಿಯಲ್ಲಿ ತಲೆ ಎತ್ತಲಿಲ್ಲ. ಅವನೂ ನಮ್ಮ ಮಾತಿನವನೇ, ಯಾಳ್ಪಾಣದ, ಅಂದರೆ ಜಾಫ್ನಾದ ಕಡೆಯವನು. ಆ ಮಾತನ್ನು ನಮ್ಮೊಂದಿಗೆ ಆಡುವಾಗ ಬಾಯಿಗೆ ಏನೋ ಅಂಟಿದವನ ಹಾಗೆ ಆಡುತ್ತಾನೆ.

"ಕೆಲಸದ ಹೊತ್ತಲ್ಲಿ ಏನೇ ಇಲ್ಲಿ?"

"ನನ್ನ ಮಗಳು ತವಮಣಿ ಹೆಸರಿಗೆ ರಿಜಿಸ್ಟರ್ ಬಂದಿದೆಯಂತೆ. ಹೋದ ತಿಂಗಳು ಒಂಬತ್ತಕ್ಕೆ."

"ಯಾರು ಹೇಳಿದ್ದು?"

"ಬಂದಿದೆಯಾ ಅಯ್ಯಾ?"

ಎದ್ದು ಹೋಗಿ ಬೀರುವಿನ ಮೇಲಿಂದ ಒಂದು ಕಟ್ಟು ತೆಗೆದ. ಹುರಿ ಬಿಚ್ಚಿದ. ಒಂದೊಂದೇ ಕವರನ್ನು ಮೇಜಿನ ಮೇಲೆ ಹಾಕುತ್ತಾ ಹೋದ. ಮೂವತ್ತಾದರೂ ಇದ್ದವು. ನಡುವಿನಿಂದ ಕಂದು ಬಣ್ಣದ್ದೊಂದನ್ನು ಎಳೆದ. ಅದರ ಮೇಲೆ ಟೀ ಲೋಟದ ಗುರುತು ದುಂಡಗೆ ಕೂತಿತ್ತು.

"ಓ, ಇದಾ. ಇಲ್ಲೇ ಇದೆಯಲ್ಲ. ಎಲ್ಲಿಗೆ ಹೋಗಿತ್ತು?" ಎಂದು ಕಿಟಕಿಯಿಂದ ನೀಡಿದ.

ಒಡೆದೆ. ನಾನು ಐದನೇ ಕ್ಲಾಸು. ದಿನಾಂಕ ಓದಲು ಅಷ್ಟು ಸಾಕು. ಟೀಚರ್ ಕೆಲಸದ ಸಂದರ್ಶನ ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ. ಹನ್ನೊಂದು ದಿನದ ಹಿಂದೆ.

ಅವನು ನಮ್ಮ ಮೇಲೆ ಹಗೆಯಿಂದ ಹಾಗೆ ಮಾಡಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲವೇನೋ. ಹಗೆ ಸಾಧಿಸಲು ಎದುರಿಗೆ ಒಬ್ಬ ಮನುಷ್ಯ ಬೇಕು. ಅವನಿಗೆ ನಮ್ಮ ಮೇಲೆ ಹಗೆ ಇರಲಿಲ್ಲ. ಲೋಟ ಇಡಲು ಏನೋ ಬೇಕಿತ್ತು, ಇಟ್ಟ.

"ಅಯ್ಯಾ, ದಿನ ಮುಗಿದು ಹೋಗಿದೆ."

"ನೀನು ಬಂದು ಕೇಳ್ಬೇಕಿತ್ತು."

"ಬಂದು ಕೇಳಿದೋರಿಗೆಲ್ಲ 'ಬಂದ್ರೆ ಕೂಗಿಸ್ತೀನಿ ಹೋಗು' ಅಂದಿದ್ದು ನೀವಲ್ವಾ?"

"ಏ, ದನಿ ಇಳಿಸು. ಲೈನಿನ ಮನೆಮನೆಗೆ ಹೋಗಿ ಕಾಗದ ಹಂಚೋದಕ್ಕೆ ನಾನೇನು ನಿಮ್ಮ ಆಳಾ? ಮುಂದಿನ ವರ್ಷವೂ ಕರೀತಾರೆ ಬಿಡು. ಅಲ್ಲೀತನಕ ಚಿಗುರು ಕೀಳ್ಲಿ. ನಿನ್ನ ಮಗಳ ಕೈಗೇನು ಮುಳ್ಳು ಚುಚ್ಚುತ್ತಾ?"

ನಾನು ಮೆಟ್ಟಿಲು ಹತ್ತಿದೆ. ಮೂರನ್ನೂ. ಇದುವರೆಗೆ ನನ್ನ ಕಾಲು ಆ ಸಿಮೆಂಟನ್ನು ಮುಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು, "ದೊರೆಗಳನ್ನ ನೋಡ್ಬೇಕು" ಎಂದೆ.

ಅರುಳಾನಂದಂ ಎದ್ದೇಬಿಟ್ಟ. ಗದ್ದಲಕ್ಕೆ ಒಳಕೋಣೆಯಿಂದ ದೊರೆ ಬಂದರು. ತೋಟದ ಮ್ಯಾನೇಜರನ್ನು ನಾವು ದೊರೆ ಎನ್ನುತ್ತೇವೆ. ಬಿಳಿಯರು ಹೋದರೂ ಆ ಹೆಸರು ಹೋಗಲಿಲ್ಲ. ಇವರು ಕೊಲಂಬೊದವರು, ಮೂವತ್ತೈದು ದಾಟಿರಲಿಕ್ಕಿಲ್ಲ, ದನಿ ಏರಿಸದ ಮನುಷ್ಯ. ಕಾಗದ ತೆಗೆದುಕೊಂಡು ಓದಿದರು, ಗುಮಾಸ್ತನ ಮುಖ ನೋಡಿದರು. ಆಮೇಲೆ ನನ್ನ ಕಾಲನ್ನೂ ಕಾಲಿನ ಕೆಳಗಿನ ಸಿಮೆಂಟನ್ನೂ ನೋಡಿದರು.

"ಪಾಪ. ನಾನೊಂದು ಪತ್ರ ಕೊಡ್ತೀನಿ. ಕಾಗದ ತಡವಾಗಿ ಸಿಕ್ತು, ಇನ್ನೊಂದು ದಿನ ಕೊಡಿ ಅಂತ. ತೋಟದ ಮುದ್ರೆ ಇದ್ರೆ ಆಗುತ್ತೆ. ನಾಳೆ ಮಗಳನ್ನ ಕಳಿಸು. ಈಗ ಕೆಳಗಿಳಿ."

ನಾನು ಕೈ ಮುಗಿದೆ. ಎರಡು ಸಲ ಮುಗಿದೆ.

ಮರುದಿನ ತವಮಣಿಯೊಂದಿಗೆ ನಾನೂ ಹೋದೆ. ಅಂಟು ಹಚ್ಚಿದ ಕವರು ಕೊಟ್ಟರು. ಹುಡುಗಿ ಅದನ್ನು ತೆಗೆದುಕೊಂಡು ದಾರಿಯ ತಿರುವಿನವರೆಗೆ ನಡೆದಳು. ಅಲ್ಲಿ ನಿಂತು ಒಡೆದಳು.

"ಏ, ಒಡೀಬಾರ್ದು ಕಣೆ ಅದನ್ನ."

"ನನ್ನ ವಿಷಯ ಬರೆದಿರೋದು ನಾನು ಓದ್ಬಾರ್ದಾ?"

ಇಂಗ್ಲಿಷಿನಲ್ಲಿತ್ತು. ಓದಿದಳು, ಮತ್ತೊಮ್ಮೆ ಓದಿದಳು. ಅವಳ ಕಿವಿಯ ತುದಿ ಕೆಂಪಾಯಿತು. ಸಿಟ್ಟು ಬಂದರೆ ಅವಳಿಗೆ ಮೊದಲು ಕಿವಿಗೇ ಹತ್ತುತ್ತದೆ.

"ಏನಂತೆ?"

"ಪೋಸ್ಟ್‌ಮ್ಯಾನ್ ಬೇಜವಾಬ್ದಾರಿಯಿಂದ ಕಾಗದವನ್ನ ತೋಟಕ್ಕೆ ಈ ತಿಂಗಳು ಮೂರನೇ ತಾರೀಕು ತಂದುಕೊಟ್ಟ ಅಂತ ಬರ್ದಿದಾರೆ. ಅವನ ಮೇಲೆ ಕ್ರಮ ತಗೊಳ್ಳಿ ಅಂತ ಅಂಚೆ ಇಲಾಖೆಗೂ ಒಂದು ಪ್ರತಿ ಹೋಗುತ್ತಂತೆ."

ದಾರಿಯ ಬದಿಯ ಚರಂಡಿಯಲ್ಲಿ ನೀರು ಹರಿಯುತ್ತಿತ್ತು.

ನಾನು ಆಗ ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. "ಕ್ಯಾಂಡಿ ಆಫೀಸಿಗೆ ಕೊಟ್ಟುಬಿಡು ಕಣೆ ಅದನ್ನ" ಎಂದೆ.

ಅವಳು ನನ್ನನ್ನು ನೋಡಿದಳು.

"ಅವರದು ಸರ್ಕಾರಿ ಕೆಲ್ಸ. ಏನ್ ಮಾಡ್ತಾರೆ, ಬೇರೆ ಊರಿಗೆ ಹಾಕ್ತಾರೆ ಅಷ್ಟೇ. ನಿನಗೆ ಇದು ಬಿಟ್ರೆ ಬುಟ್ಟಿ. ನನ್ನ ನೆತ್ತಿ ಮುಟ್ಟಿ ನೋಡು, ಹಗ್ಗದ ಜಾಗದಲ್ಲಿ ಕೂದ್ಲು ಹುಟ್ಟೋದನ್ನೇ ಬಿಟ್ಟಿದೆ. ನಿನಗೂ ಇದೇ ಬೇಕಾ?"

"ಅಮ್ಮಾ, ಅವರು ನಿನ್ನನ್ನ ಏನಂತ ಕರೀತಾರೆ?"

"ಅಕ್ಕ ಅಂತಾರೆ. ಅದರಿಂದ ಹೊಟ್ಟೆ ತುಂಬುತ್ತಾ?"

"ಈ ತೋಟದಲ್ಲಿ ಬೇರೆ ಯಾರು ಕರೀತಾರೆ ಹೇಳು. ಆಫೀಸಿಂದ ಶುರು ಮಾಡು, ಕಂಗಾಣಿತನಕ ಹೇಳು."

ಅಂಥವರು ಒಬ್ಬರೂ ಇರಲಿಲ್ಲ. ಅವಳು ಕವರನ್ನು ಮಡಿಸಿ ಪುಸ್ತಕದ ನಡುವೆ ಇಟ್ಟಳು. "ನೀನೇ ಅವರಿಗೆ ಹೇಳು. ಅವರು ಕೊಡು ಅಂದ್ರೆ ಕೊಡ್ತೀನಿ" ಎಂದಳು. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ.

ತಿಲಕಸಿರಿ ಅವತ್ತು ಮಧ್ಯಾಹ್ನ ಅದೇ ಮೋರಿಯ ಬಳಿ ಸಿಕ್ಕರು. ನಾನು ರೊಟ್ಟಿಯ ಗಂಟು ಬಿಚ್ಚಿ ಅರ್ಧ ಅವರಿಗೆ ಕೊಟ್ಟೆ. ಕೊಟ್ಟಮೇಲೆ ದೊರೆಯ ಪತ್ರದ ವಿಷಯ ಹೇಳಿದೆ. ಕೊಡುವ ಮುಂಚೆ ಹೇಳಬೇಕಿತ್ತು. ಅವರು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿದರು.

"ನೀವೇನಂದ್ರಿ?"

"ನಾನು... ಕೊಟ್ಟುಬಿಡು ಅಂದೆ ಮಹತ್ತಯಾ."

ಅವರು ರೊಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟರು. ದೊಡ್ಡ ಮನಸ್ಸಿನ ಮಾತೇನನ್ನೂ ಆಡಲಿಲ್ಲ. ಬೈದರು. ಸಿಂಹಳದಲ್ಲಿ ಒಂದಿಷ್ಟು, ಆಮೇಲೆ ನನಗೆ ಅರ್ಥವಾಗಲೆಂದು ತಮಿಳಿನಲ್ಲಿ. "ಇಪ್ಪತ್ನಾಲ್ಕು ವರ್ಷ ಅಕ್ಕಾ. ಒಂದು ಕಾಗದ ನೆನೆಸಿಲ್ಲ, ಒಂದು ಕಳೆದಿಲ್ಲ. ಮಗಳಿಗೋಸ್ಕರ ನನ್ನ ಹೆಸರು ತಿನ್ತೀರಾ? ಅವರು ನಿಮ್ಮನ್ನ ತಿಂದ ಹಾಗೇನೇ?"

ನಾನು ತಲೆ ತಗ್ಗಿಸಿದೆ. ಆಫೀಸಿನ ಮೆಟ್ಟಿಲ ಕೆಳಗೆ ತಗ್ಗಿಸಿದ್ದು ಬೇರೆ, ಇದು ಬೇರೆ. "ತಪ್ಪಾಯ್ತು" ಎಂದೆ. ಬಾಯಿಮಾತಿಗಲ್ಲ.

ತಿಲಕಸಿರಿ ಸೈಕಲ್ಲಿನ ಪೆಡಲನ್ನು ಕಾಲಿನಿಂದ ಹಿಂದಕ್ಕೆ ತಿರುಗಿಸಿದರು. ಆಮೇಲೆ ಹೇಳಿದರು, "ಸೈನ್ ಮಾಡಿದ ಪುಸ್ತಕ ಪೋಸ್ಟಾಫೀಸಲ್ಲಿದೆ. ಯಾರ ಹೆಸರಿಗೆ ಕಾಗದ ಬಂತೋ ಅವರು ಅರ್ಜಿ ಕೊಟ್ರೆ, ಯಾವತ್ತು ಯಾರು ಇಸ್ಕೊಂಡ್ರು ಅಂತ ಬರೆದು ಮುದ್ರೆ ಹಾಕಿ ಕೊಡ್ಲೇಬೇಕು. ತೋಟದೋರು ಯಾರೂ ಇದುವರೆಗೆ ಕೇಳಿಲ್ಲ. ನಿಮಗೆ ಗೊತ್ತಿಲ್ಲ, ನಾವೂ ಹೇಳಿಲ್ಲ. ಅದು ನಮ್ಮ ತಪ್ಪು." ರೊಟ್ಟಿಯನ್ನು ತೆಗೆದುಕೊಂಡು, ಧೂಳು ಊದಿ, ತಿಂದರು. "ಟೀಚರ್‌ಗೆ ಹೇಳಿ. ಸಿಂಹಳದಲ್ಲೇ ಬರೀಲಿ. ಕಾಗುಣಿತ ನಾನು ನೋಡಲ್ಲ. ಅವರಿಗೆ ಬರುತ್ತೆ."

ತವಮಣಿ ಬರೆದಳು. ಪೋಸ್ಟ್‌ಮಾಸ್ಟರ್ ಎರಡು ಸಲ ನಾಳೆ ಬಾ ಎಂದ, ಮೂರನೆಯ ಸಲ ಮುದ್ರೆ ಒತ್ತಿ ಕೊಟ್ಟ. ದೊರೆಯ ಪತ್ರವನ್ನು ಅವಳು ಒಬ್ಬಳೇ ಹೋಗಿ ಆಫೀಸಿನ ಕಿಟಕಿಯಲ್ಲಿ ವಾಪಸು ಇಟ್ಟು ಬಂದಳು. ಕ್ಯಾಂಡಿಗೆ ಬಸ್ಸಿನಲ್ಲಿ ನಾವಿಬ್ಬರೂ ಹೋದೆವು. ಶಿಕ್ಷಣ ಆಫೀಸಿನ ಹೆಂಗಸು ಪೋಸ್ಟಾಫೀಸಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಉಳಿದೋರನ್ನ ಒಂದು ದಿನ ಕರೀತೀವಿ. ತೋಟಗಳಿಂದ ಇನ್ನೂ ಕೆಲವರು ಹೀಗೇ ಬಂದಿದಾರೆ. ರಿಜಿಸ್ಟರ್ ಕಳಿಸ್ತೀವಿ. ವಿಳಾಸ ಅದೇ ತಾನೆ?" ಎಂದಳು.

ವಿಳಾಸ ಅದೇ. ನಮಗೆ ಬೇರೆ ಎಲ್ಲಿದೆ.

ಮಾರನೆಯ ದಿನದಿಂದ ತವಮಣಿ ಬೆಳಿಗ್ಗೆ ಹತ್ತಕ್ಕೆ ಹೋಗಿ ಆಫೀಸಿನ ಜಗಲಿಯ ಮೇಲೆ ನಿಲ್ಲತೊಡಗಿದಳು. ಕೆಳಗಲ್ಲ, ಮೇಲೆ. ಅಂಚೆ ಬಂದು ಹೋಗುವವರೆಗೆ. ಕೂತುಕೊಳ್ಳಲಿಲ್ಲ, ಮಾತಾಡಲಿಲ್ಲ. ಮೊದಲನೆಯ ದಿನ ಅರುಳಾನಂದಂ ಕಾವಲುಗಾರನನ್ನು ಕಳಿಸಿದ. ಕಾವಲುಗಾರ ನಮ್ಮ ಲೈನಿನವನೇ. ಬಂದು ಪಕ್ಕದಲ್ಲಿ ನಿಂತು, "ಮಗಾ, ನಾನು ಬೈದ ಹಾಗೆ ಮಾಡ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದು ಪಿಸುಗುಟ್ಟಿ ಜೋರಾಗಿ ನಾಲ್ಕು ಮಾತು ಬೈದು ಹೋದ.

ಮೂರನೆಯ ದಿನದಿಂದ ನನ್ನನ್ನು ಮೇಲಿನ ಬೆಟ್ಟದ ಸಾಲಿಗೆ ಹಾಕಿದರು. ಮುದಿ ಗಿಡ, ಇಳಿಜಾರು, ಚಿಗುರಿಲ್ಲ. ದಿನಾ ಅರ್ಧ ಹೆಸರು. "ಮಗಳನ್ನ ಜಗಲಿಯಿಂದ ಇಳಿಸು, ನಿನ್ನನ್ನ ಬೆಟ್ಟದಿಂದ ಇಳಿಸ್ತೀನಿ" ಎಂದು ಕಂಗಾಣಿ ಹೇಳಿ ಕಳಿಸಿದ.

ಕುಪ್ಪಾಯಿ ಅದಕ್ಕೆ, "ಹೇಳ್ರೋ ಅವನಿಗೆ, ಇಲ್ಲಿಂದ ಆಫೀಸಿನ ಜಗಲಿ ಚೆನ್ನಾಗಿ ಕಾಣುತ್ತೆ ಅಂತ" ಎಂದಳು. ಅವಳೇ ಕೇಳಿಕೊಂಡು ನನ್ನ ಜೊತೆ ಆ ಸಾಲಿಗೆ ಬಂದಿದ್ದಳು. ನಿಜವಾಗಿಯೂ ಕಾಣುತ್ತಿತ್ತು. ತಗಡಿನ ಮಾಡು, ಬಿಳಿ ಗೋಡೆ, ಗೋಡೆಗೆ ಅಂಟಿದ ಒಂದು ನೀಲಿ ಚುಕ್ಕೆ, ಅವಳ ಲಂಗ.

ಹದಿಮೂರನೆಯ ದಿನ ಕುಪ್ಪಾಯಿ ನನ್ನ ತೋಳು ಹಿಡಿದು ಅತ್ತ ತಿರುಗಿಸಿದಳು. ತಿಲಕಸಿರಿ ಸೈಕಲ್ಲಿಂದ ಇಳಿದಿದ್ದರು. ಕಿಟಕಿಯ ಕಡೆ ಹೋಗಲಿಲ್ಲ. ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬಂದರು, ಚೀಲದಿಂದ ಪುಸ್ತಕ ತೆಗೆದು ಕಟಕಟೆಯ ಮೇಲೆ ಬಿಡಿಸಿ ಇಟ್ಟರು. ಒಳಗಿನಿಂದ ಒಬ್ಬ ಓಡಿ ಬಂದ. ಅರುಳಾನಂದಂ ಇರಬೇಕು, ಕೈ ಬೀಸುತ್ತಿದ್ದ. ಮಾತು ನಮಗೆ ಕೇಳಿಸುವುದಿಲ್ಲ. ಅಲ್ಲಿ ನಡೆದ ಮಾತನ್ನು ತವಮಣಿ ಆಮೇಲೆ ಹೇಳಿದಳು. ಮೊದಲು ಅರುಳಾನಂದಂ ಅಂದನಂತೆ:

"ಅದನ್ನ ನಂಗೆ ಕೊಡ್ಬೇಕು. ನಿಯಮ."

"ವಿಳಾಸದೋರು ಇಲ್ದೆ ಇದ್ರೆ ನಿಮಗೆ. ಇಲ್ಲೇ ಇದಾರಲ್ಲ."

"ಯಾರು, ಇವಳಾ?"

"ಹೌದು. ಇವರು."

ದೊರೆ ಬಾಗಿಲಿಗೆ ಬಂದು ನಿಂತರಂತೆ. ತಡೆಯಲಿಲ್ಲವಂತೆ. ಅಂಚೆ ಇಲಾಖೆಯ ಪುಸ್ತಕಕ್ಕೆ ಕೈ ಹಾಕುವ ಹಾಗಿಲ್ಲವೆಂದು ಅವರಿಗೂ ಗೊತ್ತು. ಬೆಟ್ಟದಿಂದ ನನಗೆ ಕಂಡದ್ದು ಇಷ್ಟೇ: ನೀಲಿ ಚುಕ್ಕೆ ಬಾಗಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ನೆಟ್ಟಗಾಯಿತು. ತಿಲಕಸಿರಿ ಪುಸ್ತಕ ಮುಚ್ಚಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

ಬರುವ ಗುರುವಾರ ಕ್ಯಾಂಡಿಗೆ ಬಾ ಎಂದು ಬರೆದಿತ್ತು.

ಆ ಸಂಜೆಯ ತೂಕಕ್ಕೆ ಅರುಳಾನಂದಂ ತಾನೇ ಬಂದಿದ್ದ. ತಿಂಗಳಿಗೊಮ್ಮೆ ತಕ್ಕಡಿ ಪರೀಕ್ಷಿಸಲು ಬರುತ್ತಾನೆ. ನನ್ನ ಸರದಿ ಬಂದಾಗ ಬುಟ್ಟಿಯನ್ನು ಕೊಕ್ಕೆಗೆ ಹಾಕಿದೆ. ಅವನು ಮುಳ್ಳನ್ನು ನೋಡದೆ ನನ್ನನ್ನು ನೋಡಿದ.

"ಏನ್ ರಾಮಾಯಿ, ಸಮಾಧಾನ ಆಯ್ತಲ್ಲ. ಮಗಳು ಟೀಚರಮ್ಮ ಆಗ್ತಾಳೆ. ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯಾ? ನಾನೇನು ನಿನ್ನ ಹತ್ರ ಕ್ಷಮೆ ಕೇಳ್ಬೇಕಾ?"

ಕಂಗಾಣಿ ನಕ್ಕ. ಅದು ನಗಬೇಕಾದ ಜಾಗವೆಂದು ಅವನಿಗೆ ಗೊತ್ತಿತ್ತು.

"ಹೌದಯ್ಯಾ" ಎಂದೆ.

"ಏನು?"

"ಕೇಳ್ಬೇಕು."

ಅವನೂ ನಕ್ಕ. ನಗು ಮುಗಿದ ಮೇಲೆ ಪುಸ್ತಕದಲ್ಲಿ ಏನೋ ಗೀಚಿ, "ಸರಿ, ಬುಟ್ಟಿ ಇಳಿಸು. ಮುಂದಿನೋಳು ಬಾ" ಎಂದ.

ನಾನು ಬುಟ್ಟಿ ಇಳಿಸಲಿಲ್ಲ. ಕೊಕ್ಕೆಯಲ್ಲಿ ಅದು ನಿಧಾನವಾಗಿ ಒಂದು ಸುತ್ತು ತಿರುಗಿತು. ನನ್ನ ಹಿಂದೆ ಕುಪ್ಪಾಯಿ, ಅವಳ ಹಿಂದೆ ನಲವತ್ತು ಬುಟ್ಟಿ. ಫ್ಯಾಕ್ಟರಿಯ ಲಾರಿ ಇಂಜಿನ್ ಹಚ್ಚಿಕೊಂಡು ಕಾಯುತ್ತಿತ್ತು. ಎಲೆ ಬಾಡಿದರೆ ಲೆಕ್ಕ ಕೊಡಬೇಕಾದವನು ಅರುಳಾನಂದಂ.

"ಮುಂದಿನೋಳು ಬಾರೇ" ಎಂದ ಮತ್ತೆ, ಕುಪ್ಪಾಯಿಯ ಕಡೆ ಕೈ ಮಾಡಿ.

ಕುಪ್ಪಾಯಿ, ಅವನನ್ನು ಕಂಡು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ ತಲೆಬಟ್ಟೆಯನ್ನು ತೆಗೆದು, ನಿಧಾನವಾಗಿ ಕೊಡವಿ, ತಲೆಗೆ ಕಟ್ಟಿಕೊಂಡಳು. "ಅವಳದು ಇನ್ನೂ ಮುಗಿದಿಲ್ವಲ್ಲ ಅಯ್ಯಾ" ಎಂದಳು.